ಹಚ್ಚಿಟ್ಟ ಚಾರ್ಜರ್, ಉಬ್ಬಿದ ಬ್ಯಾಟರಿ

*ಕರೆಂಟ್ ಯಾವಾಗ ಹೋದೀತೋ ಎಂಬ ಅಳುಕಿನಲ್ಲಿ ಗದಗ ಸೀಮೆಯ ಲ್ಯಾಪ್‌ಟಾಪ್‌ಗಳು ಹಗಲೂ ರಾತ್ರಿ ಚಾರ್ಜಿಗೇ ಇರುತ್ತವೆ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಬ್ಯಾಟರಿ ಕೈಕೊಡುತ್ತದೆ. ತಪ್ಪು ಪ್ಲಗ್ಗಿನದೋ, ಬಿಸಿಲಿನದೋ, ಇನ್ವರ್ಟರ್ ನಮಗೆ ಕಲಿಸಿದ ಪಾಠದ್ದೋ?*

ಗದಗ ಮುದ್ರಣಕ್ಕೆ ಹೆಸರಾದ ಊರು. ಸಂಕೇಶ್ವರರ ನಿಘಂಟು, ಶಾಬಾದಿಮಠ ಅವರ ಪುಸ್ತಕಗಳು ಇಲ್ಲಿಂದಲೇ ನಾಡಿನ ಮನೆಮನೆಗೆ ಹೋದವು. ಮೊಳೆ ಜೋಡಿಸುವ ಕೈಗಳು ಇದ್ದಲ್ಲಿ ಈಗ ಕೋರೆಲ್‌ಡ್ರಾ, ಫೋಟೊಶಾಪ್ ತೆರೆದಿಟ್ಟ ಕಂಪ್ಯೂಟರುಗಳಿವೆ. ಲಗ್ನದ ಹಂಗಾಮು ಬಂತೆಂದರೆ ಡಿಟಿಪಿ ಅಂಗಡಿಗಳಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಲಗ್ನಪತ್ರಿಕೆಯ ಜೊತೆಗೆ ತೋಂಟದಾರ್ಯ ಮಠದ ಜಾತ್ರೆ, ಶಿರಹಟ್ಟಿಯ ಫಕೀರೇಶ್ವರ ಜಾತ್ರೆಯ ಕರಪತ್ರ, ಬ್ಯಾನರುಗಳೂ ಸೇರಿಕೊಳ್ಳುತ್ತವೆ. ಇವೆಲ್ಲ ಬರುವುದು ಬೇಸಿಗೆಯಲ್ಲೇ. ಗಾಳಿ-ಮಳೆಗೆ ಕಂಬ ಬಿದ್ದು ಕರೆಂಟ್ ಕೈಕೊಡುವುದೂ ಆಗಲೇ.

ಹೀಗಾಗಿ ಲ್ಯಾಪ್‌ಟಾಪಿನ ಪಿನ್ನು ಜಂಕ್ಷನ್ ಬೋರ್ಡಿನಿಂದ ಕಳಚುವುದೇ ಇಲ್ಲ. ಬೆಳಿಗ್ಗೆ ಅಂಗಡಿ ತೆರೆದಾಗ ಹಚ್ಚಿದ್ದು ರಾತ್ರಿ ಶಟರ್ ಎಳೆದ ಮೇಲೂ ಹಾಗೇ ಇರುತ್ತದೆ. ಲಕ್ಷ್ಮೇಶ್ವರದ ಬಜಾರದಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುವವರದೂ, ಮುಂಡರಗಿಯ ಆನ್‌ಲೈನ್ ಸೆಂಟರಿನಲ್ಲಿ ರೈತರ ಪಹಣಿ ತೆಗೆದುಕೊಡುವವರದೂ ಇದೇ ಕಥೆ. ಕೋವಿಡ್ ಕಾಲದಲ್ಲಿ ಬೆಂಗಳೂರಿನಿಂದ ಊರಿಗೆ ಮರಳಿ, ತಿಂಗಳಲ್ಲಿ ಹೆಚ್ಚು ದಿನ ಪಡಸಾಲೆಯಿಂದಲೇ ಕಂಪನಿ ಕೆಲಸ ಮಾಡುವ ಹುಡುಗರದೂ ಅದೇ.

ರಿಪೇರಿ ಅಂಗಡಿಯ ಕೌಂಟರಿನಲ್ಲಿ ಇದರ ಫಲ ಕಣ್ಣಿಗೆ ಬೀಳುತ್ತದೆ. ಗಿರಾಕಿ ತಂದಿಟ್ಟ ಲ್ಯಾಪ್‌ಟಾಪಿನ ಮುಚ್ಚಳ ಪೂರ್ತಿ ಮುಚ್ಚುವುದಿಲ್ಲ. ಟಚ್‌ಪ್ಯಾಡ್ ಒಂದು ಬದಿಗೆ ಎದ್ದಿದೆ, ಒತ್ತಿದರೆ ಕ್ಲಿಕ್ ಆಗುವುದಿಲ್ಲ. ಮೇಜಿನ ಮೇಲಿಟ್ಟರೆ ನಾಲ್ಕು ಕಾಲೂ ಸಮನಾಗಿ ತಾಗದೆ ಅಲ್ಲಾಡುತ್ತದೆ. ಹುಡುಗ ತಳದ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ ಕೆಳಗಿನ ತಟ್ಟೆ ಎತ್ತುತ್ತಾನೆ. ಒಳಗೆ ಕಪ್ಪು ಹೊದಿಕೆಯ ಮೂರು ಚಪ್ಪಟೆ ಸೆಲ್‌ಗಳು. ಚಪ್ಪಟೆ ಎನ್ನುವುದು ಹೆಸರಿಗಷ್ಟೇ, ನಡುವಿನದು ದಿಂಬಿನಂತೆ ಊದಿದೆ.

"ಯಾವಾಗ್ಲೂ ಚಾರ್ಜಿಗೆ ಹಚ್ಚೇ ಇಡ್ತೀರೇನ್ರಿ ಸರ?"

"ಹಚ್ಚದ ಏನ್ ಮಾಡ್ಲೊ ತಮ್ಮಾ? ನಡುವ ಲೈಟ್ ಹೋದ್ರ ಮಾಡಿದ್ದೆಲ್ಲಾ ಮಣ್ಣಪಾಲು."

ಇಬ್ಬರ ಮಾತಿನಲ್ಲೂ ನಿಜವಿದೆ. ಹಚ್ಚಿಡುವುದರಿಂದ ಬ್ಯಾಟರಿ ಸವೆಯುತ್ತದೆ ಎಂಬ ಹುಡುಗನ ಗುಮಾನಿ ಬಹುಪಾಲು ಸರಿ. ಹಚ್ಚದಿದ್ದರೆ ಕೆಲಸ ನಡೆಯುವುದಿಲ್ಲ ಎಂಬ ಗಿರಾಕಿಯ ಸಂಕಟವೂ ಸರಿ. ಇಬ್ಬರ ನಡುವೆ ಒಂದು ದಾರಿ ಇದೆ. ಅದು ಕಾಣಬೇಕಾದರೆ ಪ್ಲಗ್ಗನ್ನು ಬಯ್ಯುವುದು ಬಿಟ್ಟು ಬ್ಯಾಟರಿಯ ಒಳಗೆ ಇಣುಕಬೇಕು.

ಇನ್ವರ್ಟರ್ ಕಲಿಸಿದ ಪಾಠ

ಈ ಭಾಗದ ಜನ ಬ್ಯಾಟರಿಯ ಗುಣ ಕಲಿತದ್ದು ಲ್ಯಾಪ್‌ಟಾಪಿನಿಂದಲ್ಲ. ಟ್ರ್ಯಾಕ್ಟರಿನ ಬ್ಯಾಟರಿ, ಆಮೇಲೆ ಮನೆಯ ಮೂಲೆ ಸೇರಿದ ಇನ್ವರ್ಟರ್ ಬ್ಯಾಟರಿ ಇವರ ಗುರುಗಳು. ಎರಡೂ ಸೀಸ ಮತ್ತು ಆಮ್ಲದ ಬ್ಯಾಟರಿಗಳು. ಫ್ರಾನ್ಸಿನ ಗಾಸ್ತೋಂ ಪ್ಲಾಂತೆ 1859ರಲ್ಲಿ ಕಂಡುಹಿಡಿದ ತತ್ವವೇ ಇಂದಿಗೂ ಅವುಗಳೊಳಗೆ ಕೆಲಸ ಮಾಡುತ್ತಿದೆ.

ಸೀಸದ ಬ್ಯಾಟರಿಗೆ ಹೊಟ್ಟೆ ತುಂಬಿಯೇ ಇರಬೇಕು. ಖಾಲಿ ಬಿಟ್ಟರೆ ಸೀಸದ ತಟ್ಟೆಗಳ ಮೇಲೆ ಸಲ್ಫೇಟ್ ಹರಳುಗಟ್ಟುತ್ತದೆ. ಹರಳು ಗಟ್ಟಿಯಾದರೆ ಎಷ್ಟು ಚಾರ್ಜ್ ಮಾಡಿದರೂ ಕರಗುವುದಿಲ್ಲ, ಬ್ಯಾಕಪ್ ಬರುವುದಿಲ್ಲ. ಸುಗ್ಗಿ ಮುಗಿದ ಮೇಲೆ ತಿಂಗಳುಗಟ್ಟಲೆ ನಿಲ್ಲಿಸಿದ ಟ್ರ್ಯಾಕ್ಟರು ಮುಂಗಾರಿನಲ್ಲಿ ಸೆಲ್ಫ್ ಹೊಡೆಯದಿರುವುದು ಇದೇ ಕಾರಣಕ್ಕೆ. ಹಾಗಾಗಿಯೇ ಇನ್ವರ್ಟರನ್ನು ಯಾರೂ ಆಫ್ ಮಾಡುವುದಿಲ್ಲ. ಅದು ಸದಾ ಲೈನಿಗೆ ಅಂಟಿಕೊಂಡು, 12 ವೋಲ್ಟಿನ ಬ್ಯಾಟರಿಯನ್ನು ಸುಮಾರು 13.5ರಿಂದ 13.8 ವೋಲ್ಟಿನಲ್ಲಿ ತುಂಬಿಯೇ ಇಟ್ಟಿರುತ್ತದೆ. ನಾವು ಮಾಡಬೇಕಾದದ್ದು ಆಗಾಗ ಮುಚ್ಚಳ ತೆಗೆದು ಡಿಸ್ಟಿಲ್ಡ್ ವಾಟರ್ ಹಾಕುವುದಷ್ಟೇ.

ತುಂಬಿಟ್ಟುಕೊಳ್ಳುವುದು ಈ ಬಯಲುಸೀಮೆಗೆ ಬ್ಯಾಟರಿ ಬರುವ ಮೊದಲೇ ಗೊತ್ತಿದ್ದ ವಿದ್ಯೆ. ಜೋಳವನ್ನು ನೆಲದಡಿಯ ಹಗೇವಿಗೆ ಕಂಠಮಟ್ಟ ಸುರಿದು, ಗಾಳಿಯಾಡದಂತೆ ಬಾಯಿ ಮುಚ್ಚಿದರೆ ಬರದ ವರ್ಷಕ್ಕೆ ಅದೇ ಆಸರೆ. ಅರ್ಧ ತುಂಬಿದ ಹಗೇವಿನ ಕಾಳಿಗೆ ಹುಳ ಬೀಳುತ್ತದೆ. ಲ್ಯಾಪ್‌ಟಾಪ್ ಬಂದಾಗಲೂ ಮನಸ್ಸು ಅದೇ ಲೆಕ್ಕ ಹಾಕಿತು: ತುಂಬಿರಲಿ, ಹೊತ್ತಿಗಾದೀತು. ಲೆಕ್ಕ ತಪ್ಪಿದ್ದು ಅಲ್ಲೇ. ಲ್ಯಾಪ್‌ಟಾಪು, ಮೊಬೈಲುಗಳ ಒಳಗಿರುವ ಲಿಥಿಯಂ ಅಯಾನ್ ಬ್ಯಾಟರಿಯ ಸ್ವಭಾವ ಸೀಸದ ಬ್ಯಾಟರಿಗೆ ತದ್ವಿರುದ್ಧ. ಕಂಠಮಟ್ಟ ತುಂಬಿ ಕೂತಷ್ಟೂ ಅದು ಬೇಗ ಮುದಿಯಾಗುತ್ತದೆ.

ಒಳಗೆ ನಡೆಯುವುದೇನು?

ಲಿಥಿಯಂ ಅಯಾನ್ ಬ್ಯಾಟರಿಯನ್ನು ಮೊದಲು ಮಾರುಕಟ್ಟೆಗೆ ತಂದದ್ದು ಜಪಾನಿನ ಸೋನಿ ಕಂಪನಿ, 1991ರಲ್ಲಿ. ಅದಕ್ಕೆ ಅಡಿಪಾಯ ಹಾಕಿದ ಜಾನ್ ಗುಡ್‌ಎನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೋಶಿನೊ ಅವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಬಂತು. ಆ ಹೊತ್ತಿಗೆ ಗುಡ್‌ಎನಫ್ ಅವರಿಗೆ 97 ವರ್ಷ. ಅವರಷ್ಟು ವಯಸ್ಸಾದವರು ಯಾರೂ ಅದಕ್ಕೆ ಮೊದಲು ನೊಬೆಲ್ ಪಡೆದಿರಲಿಲ್ಲ.

ಪ್ರತಿ ಸೆಲ್‌ನಲ್ಲಿ ಎರಡು ಬದಿ. ಒಂದು ಕಡೆ ಗ್ರಾಫೈಟ್, ಇನ್ನೊಂದು ಕಡೆ ಕೋಬಾಲ್ಟ್, ನಿಕಲ್‌ನಂಥ ಲೋಹಗಳ ಆಕ್ಸೈಡ್. ನಡುವೆ ಎಲೆಕ್ಟ್ರೋಲೈಟ್ ಎಂಬ ದ್ರವ. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಆಕ್ಸೈಡಿನ ಕಡೆಯಿಂದ ಹೊರಟು ದ್ರವ ದಾಟಿ ಗ್ರಾಫೈಟಿನ ಪದರಗಳೊಳಗೆ ಹೋಗಿ ಕೂರುತ್ತವೆ. ಬಳಸುವಾಗ ಬಂದ ದಾರಿಯಲ್ಲೇ ಮರಳುತ್ತವೆ. ಸೆಲ್‌ನ ಸಾಮಾನ್ಯ ವೋಲ್ಟೇಜ್ 3.6 ಅಥವಾ 3.7, ಪೂರ್ತಿ ತುಂಬಿದಾಗ ಹೆಚ್ಚಿನವುಗಳಲ್ಲಿ 4.2.

ರಾತ್ರಿಯಿಡೀ ಹಚ್ಚಿಟ್ಟರೆ ಕರೆಂಟ್ ನುಗ್ಗುತ್ತಲೇ ಇರುತ್ತದೆ, ಬ್ಯಾಟರಿ ಓವರ್‌ಚಾರ್ಜ್ ಆಗುತ್ತದೆ ಎಂದು ಹಲವರು ನಂಬಿದ್ದಾರೆ. ಹಾಗಾಗುವುದಿಲ್ಲ. ಲ್ಯಾಪ್‌ಟಾಪಿನ ಒಳಗಿನ ಚಾರ್ಜಿಂಗ್ ಸರ್ಕ್ಯೂಟು ಮೊದಲು ಧಾರಾಳವಾಗಿ ಕರೆಂಟ್ ಕೊಡುತ್ತದೆ. ಸೆಲ್ 4.2 ವೋಲ್ಟ್ ಮುಟ್ಟಿದ ಮೇಲೆ ಕೈ ಬಿಗಿಹಿಡಿದು, ಕೊನೆಗೆ ಪೂರ್ತಿ ನಿಲ್ಲಿಸುತ್ತದೆ. ಆಮೇಲೆ ಲ್ಯಾಪ್‌ಟಾಪು ಅಡಾಪ್ಟರಿನಿಂದ ನೇರವಾಗಿ ನಡೆಯುತ್ತದೆ, ಬ್ಯಾಟರಿ ಸುಮ್ಮನೆ ಕೂತಿರುತ್ತದೆ. ತಾನಾಗಿ ಕೊಂಚ ಇಳಿದಾಗ ಮತ್ತೆ ಮೇಲೆ ತುಂಬಿಸುತ್ತದೆ, ಅಷ್ಟೇ.

ತೊಂದರೆ ಇರುವುದು ಆ ಸುಮ್ಮನೆ ಕೂರುವುದರಲ್ಲಿ. 4.2 ವೋಲ್ಟಿನಲ್ಲಿರುವ ಸೆಲ್ ವಿಶ್ರಾಂತಿಯಲ್ಲಿರುವುದಿಲ್ಲ, ಒತ್ತಡದಲ್ಲಿರುತ್ತದೆ. ಆಕ್ಸೈಡಿನ ಬದಿಯಲ್ಲಿ ಎಲೆಕ್ಟ್ರೋಲೈಟ್ ನಿಧಾನವಾಗಿ ಕೆಡುತ್ತದೆ. ಗ್ರಾಫೈಟಿನ ಬದಿಯಲ್ಲಿ ತೆಳುವಾದ ಪೊರೆಯೊಂದು ಮೊದಲ ಚಾರ್ಜಿನಲ್ಲೇ ಕಟ್ಟಿರುತ್ತದೆ. ಸೆಲ್ ಬದುಕಲು ಆ ಪೊರೆ ಬೇಕೇ ಬೇಕು. ಆದರೆ ಅದು ದಪ್ಪವಾಗುತ್ತಾ ಹೋದಂತೆ ಓಡಾಡಬೇಕಾದ ಲಿಥಿಯಂ ಅದರಲ್ಲೇ ಸಿಕ್ಕಿಬೀಳುತ್ತದೆ, ಸಾಮರ್ಥ್ಯ ಕುಗ್ಗುತ್ತದೆ. ಎಲೆಕ್ಟ್ರೋಲೈಟ್ ಒಡೆದಾಗ ಅನಿಲವೂ ಹುಟ್ಟುತ್ತದೆ. ಹೊರಹೋಗಲು ದಾರಿಯಿಲ್ಲದ ಅನಿಲವೇ ಮೃದು ಹೊದಿಕೆಯ ಸೆಲ್ಲನ್ನು ಊದಿಸಿ, ಟಚ್‌ಪ್ಯಾಡನ್ನು ಮೇಲೆತ್ತುವುದು.

ವಿಮಾನಯಾನ ಸಂಸ್ಥೆಗಳು ಈ ವಿಷಯದಲ್ಲಿ ನಮಗಿಂತ ಎಚ್ಚರ. ಸರಕು ವಿಮಾನದಲ್ಲಿ ಬಿಡಿಯಾಗಿ ಸಾಗಿಸುವ ಲಿಥಿಯಂ ಅಯಾನ್ ಬ್ಯಾಟರಿಗಳಲ್ಲಿ ಶೇ 30ಕ್ಕಿಂತ ಹೆಚ್ಚು ಚಾರ್ಜ್ ಇರಕೂಡದು ಎಂಬ ನಿಯಮ 2016ರಿಂದ ಜಾರಿಯಲ್ಲಿದೆ. ಅದು ಬಾಳಿಕೆಗಾಗಿ ಅಲ್ಲ, ಬೆಂಕಿಯ ಭಯಕ್ಕೆ. ಆದರೂ ಎರಡಕ್ಕೂ ಮೂಲ ಒಂದೇ: ತುಂಬಿದ ಸೆಲ್‌ನಲ್ಲಿ ಶಕ್ತಿಯೂ ಹೆಚ್ಚು, ಚಡಪಡಿಕೆಯೂ ಹೆಚ್ಚು.

ಬಿಸಿಲೇ ದೊಡ್ಡ ಹಗೆ

ತುಂಬಿ ಕೂರುವುದು ಅರ್ಧ ಕಾರಣ. ಉಳಿದರ್ಧ ಕಾವು. ಎರಡೂ ಕೂಡಿದರೆ ಏನಾಗುತ್ತದೆ ಎಂಬುದಕ್ಕೆ ಕೆನಡಾದ ಕ್ಯಾಡೆಕ್ಸ್ ಎಲೆಕ್ಟ್ರಾನಿಕ್ಸ್ ಕಂಪನಿಯ ಸ್ಥಾಪಕ ಇಸಿಡೋರ್ ಬುಕ್‌ಮನ್ ಪ್ರಕಟಿಸಿದ ಅಂಕಿಗಳನ್ನು ಜಗತ್ತೆಲ್ಲ ಉಲ್ಲೇಖಿಸುತ್ತದೆ. ಬ್ಯಾಟರಿಯನ್ನು ಒಂದು ವರ್ಷ ಹಾಗೇ ಇಟ್ಟರೆ ಉಳಿಯುವ ಸಾಮರ್ಥ್ಯದ ಲೆಕ್ಕ ಅದು. 25 ಡಿಗ್ರಿಯಲ್ಲಿ ಶೇ 40 ಚಾರ್ಜಿನೊಂದಿಗೆ ಇಟ್ಟದ್ದರಲ್ಲಿ ಶೇ 96 ಉಳಿದರೆ, ಪೂರ್ತಿ ತುಂಬಿ ಇಟ್ಟದ್ದರಲ್ಲಿ ಶೇ 80. ಕಾವು 40 ಡಿಗ್ರಿಗೆ ಏರಿದರೆ ಮೊದಲನೆಯದು ಶೇ 85ಕ್ಕೆ ಇಳಿಯುತ್ತದೆ. ತುಂಬಿ ಇಟ್ಟದ್ದು ಶೇ 65ಕ್ಕೆ. ಒಮ್ಮೆಯೂ ಬಳಸದೆ, ಬರೀ ಇಟ್ಟದ್ದಕ್ಕೇ ಮೂರರಲ್ಲೊಂದು ಪಾಲು ಮಾಯ.

ಗದಗದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 38ರಿಂದ 40 ಡಿಗ್ರಿ ಬಿಸಿಲು ಹೊಸದಲ್ಲ. ಅದು ನೆರಳಿನ ಲೆಕ್ಕ. ಹಳೆಯ ಮಾಳಿಗೆ ಮನೆಗಳಲ್ಲಿ ದಪ್ಪ ಗೋಡೆಯೂ ಮೇಲಿನ ಮಣ್ಣೂ ಕಾವನ್ನು ತಡೆಯುತ್ತಿದ್ದವು. ಈಗ ಮಾಳಿಗೆ ಇಳಿಸಿ ಸ್ಲ್ಯಾಬ್ ಹಾಕಿದ್ದಾರೆ. ಅಂಗಡಿಗಳ ಮೇಲಂತೂ ತಗಡು. ಮಧ್ಯಾಹ್ನ ಎರಡರ ಹೊತ್ತಿಗೆ ತಗಡಿನ ಕೆಳಗೆ ಕೂತವರಿಗೆ ಹವಾಮಾನ ಇಲಾಖೆಯ ಅಂಕಿ ನೋಡಿದರೆ ನಗು ಬರುತ್ತದೆ. ಕೆಲಸ ಮಾಡುವ ಲ್ಯಾಪ್‌ಟಾಪಿನ ಒಡಲು ಕೋಣೆಗಿಂತ ಇನ್ನೂ ಬಿಸಿ. ವಿಡಿಯೊ ರೆಂಡರ್ ಆಗುವಾಗ ಪ್ರೊಸೆಸರಿನ ಕಾವು ಪಕ್ಕದಲ್ಲೇ ಇರುವ ಬ್ಯಾಟರಿಗೂ ತಟ್ಟುತ್ತದೆ.

ಮನೆಯಲ್ಲಿ ಇನ್ನೊಂದು ರೂಢಿ. ಲ್ಯಾಪ್‌ಟಾಪನ್ನು ಗಾದಿಯ ಮೇಲೋ ಕೌದಿಯ ಮೇಲೋ ಇಟ್ಟು ಸಿನಿಮಾ ನೋಡುವುದು. ಹೆಚ್ಚಿನ ಲ್ಯಾಪ್‌ಟಾಪ್‌ಗಳು ತಳದಿಂದ ಗಾಳಿ ಎಳೆದುಕೊಳ್ಳುತ್ತವೆ. ಕೌದಿ ಆ ಕಿಂಡಿಗಳನ್ನು ಮುಚ್ಚುತ್ತದೆ, ಫ್ಯಾನು ಕಿರುಚಲು ಶುರು ಮಾಡುತ್ತದೆ. ಎರೆಹೊಲದ ಧೂಳು ಒಳಗಿನ ಜಾಲರಿಗೆ ಮೆತ್ತಿಕೊಂಡಿದ್ದರೆ ಮುಗಿದೇ ಹೋಯಿತು. ವರ್ಷಕ್ಕೊಮ್ಮೆ ಬೇಸಿಗೆಗೆ ಮೊದಲು ಬಿಚ್ಚಿಸಿ ಧೂಳು ಹೊಡೆಸುವುದು, ಗಟ್ಟಿ ಹಲಗೆಯ ಮೇಲಿಟ್ಟು ಕೆಲಸ ಮಾಡುವುದು ಬ್ಯಾಟರಿಗೆ ಮಾಡುವ ಅತಿ ಅಗ್ಗದ ಉಪಚಾರ. ನಿಲ್ಲಿಸಿದ ಕಾರಿನಲ್ಲಿ ಲ್ಯಾಪ್‌ಟಾಪ್ ಬಿಟ್ಟು ಜಾತ್ರೆಗೆ ಹೋಗುವುದು ಅದಕ್ಕೆ ಕೊಡುವ ಅತಿ ದೊಡ್ಡ ಶಿಕ್ಷೆ.

ಹಳೆಯ ನಂಬಿಕೆಗಳ ಲೆಕ್ಕ

"ಹೊಸದಕ್ಕ ಎಂಟ್ ತಾಸ್ ಚಾರ್ಜ್ ಮಾಡ್ರಿ", "ಪೂರ್ತಿ ಖಾಲಿ ಆಗೂತನಕ ಹಚ್ಚಬ್ಯಾಡ್ರಿ" ಎಂಬ ಬುದ್ಧಿವಾದ ಈಗಲೂ ಅಂಗಡಿಗಳಲ್ಲಿ ಕೇಳಿಬರುತ್ತದೆ. ಇದು ಹಳೆಯ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ ಮಾತು. ಅವುಗಳನ್ನು ಅರ್ಧಕ್ಕೇ ಮತ್ತೆ ಮತ್ತೆ ಚಾರ್ಜಿಗೆ ಹಾಕಿದರೆ ಆ ಅರ್ಧವನ್ನೇ ಪೂರ್ತಿ ಎಂಬಂತೆ ವರ್ತಿಸುವ ದೋಷ ಅವುಗಳಿಗಿತ್ತು. ಲಿಥಿಯಂಗೆ ಆ ಕಾಯಿಲೆ ಇಲ್ಲ. ಬದಲಿಗೆ ಪೂರ್ತಿ ಖಾಲಿ ಮಾಡುವುದು ಅದಕ್ಕೆ ಆಗಿಬರುವುದಿಲ್ಲ. ಶೇ 30ಕ್ಕೋ 40ಕ್ಕೋ ಇಳಿದಾಗ ಹಚ್ಚಿ, 80ರ ಆಸುಪಾಸಿನಲ್ಲಿ ಬಿಡಿಸಿದರೆ ಅದು ಸುಖವಾಗಿರುತ್ತದೆ.

ವೋಲ್ಟೇಜಿನ ಲೆಕ್ಕ ಇನ್ನೂ ಸ್ಪಷ್ಟ. ಪೂರ್ತಿ 4.2 ವೋಲ್ಟಿಗೆ ತುಂಬಿಸಿ ಬಳಸುವ ಸೆಲ್ 300ರಿಂದ 500 ಚಾರ್ಜ್ ಸುತ್ತು ಬಾಳಿದರೆ, 4.1ಕ್ಕೆ ನಿಲ್ಲಿಸಿದ್ದು 600ರಿಂದ 1,000 ಸುತ್ತು ಬಾಳುತ್ತದೆ ಎನ್ನುತ್ತದೆ ಅದೇ ಬುಕ್‌ಮನ್ ಅವರ ಪಟ್ಟಿ. ವೋಲ್ಟಿನ ಹತ್ತನೇ ಒಂದು ಪಾಲು ಬಿಟ್ಟುಕೊಟ್ಟರೆ ಆಯುಸ್ಸು ಇಮ್ಮಡಿ.

ಪೂರ್ತಿ ಇಳಿಸಿ ಪೂರ್ತಿ ಏರಿಸುವುದರಿಂದ ಒಂದೇ ಒಂದು ಉಪಯೋಗವಿದೆ. ಪರದೆಯ ಮೂಲೆಯಲ್ಲಿ ಕಾಣುವ ಶೇಕಡಾವಾರು ಅಂಕಿ ಒಂದು ಅಂದಾಜು. ಬಹುಕಾಲ ಹಚ್ಚಿಟ್ಟೇ ಬಳಸಿದರೆ ಆ ಅಂದಾಜು ಹಳಿ ತಪ್ಪುತ್ತದೆ. ಶೇ 30 ತೋರಿಸುತ್ತಿದ್ದದ್ದು ದಿಢೀರನೆ ಆಫ್ ಆಗುವುದು ಎಷ್ಟೋ ಸಲ ಇದೇ ಕಾರಣಕ್ಕೆ. ಎರಡು ಮೂರು ತಿಂಗಳಿಗೊಮ್ಮೆ ಹೀಗೆ ಇಳಿಸಿ ಏರಿಸಿದರೆ ಅಂಕಿ ಸರಿಹೋಗುತ್ತದೆ. ಬ್ಯಾಟರಿಯ ಆರೋಗ್ಯ ಅದರಿಂದ ಹೆಚ್ಚುವುದಿಲ್ಲ.

ಕರೆಂಟ್ ಹೋದರೆ?

ಇಷ್ಟು ಕೇಳಿದ ಮೇಲೆ ಗಿರಾಕಿಯ ಪ್ರಶ್ನೆ ಹಾಗೇ ಉಳಿಯುತ್ತದೆ. ಶೇ 80ಕ್ಕೆ ನಿಲ್ಲಿಸಿ, ಆಗ ಕರೆಂಟ್ ಹೋದರೆ?

ಬೆಟಗೇರಿಯ ಮಗ್ಗದವರಿಗೆ ಈ ಪ್ರಶ್ನೆಯ ಬಿಸಿ ಚೆನ್ನಾಗಿ ಗೊತ್ತು. ಕರೆಂಟ್ ಹೋದ ಕ್ಷಣ ಪವರ್‌ಲೂಮ್ ನಿಂತೇಬಿಡುತ್ತದೆ, ಅದಕ್ಕೆ ಬ್ಯಾಟರಿಯ ಆಸರೆ ಇಲ್ಲ. ಲ್ಯಾಪ್‌ಟಾಪಿನವರು ಅಷ್ಟರಮಟ್ಟಿಗೆ ಪುಣ್ಯವಂತರು. ಲೆಕ್ಕ ಹಾಕಿ ನೋಡೋಣ. ಸಾಧಾರಣ ಲ್ಯಾಪ್‌ಟಾಪಿನ ಬ್ಯಾಟರಿ 50 ವ್ಯಾಟ್-ಅವರ್ ಎಂದಿಟ್ಟುಕೊಳ್ಳಿ. ಟೈಪಿಂಗು, ಇಂಟರ್ನೆಟ್ಟು, ಪತ್ರಿಕೆಯ ವಿನ್ಯಾಸದಂಥ ಕೆಲಸಕ್ಕೆ ಅದು 10 ವ್ಯಾಟ್ ಎಳೆದರೆ ಪೂರ್ತಿ ತುಂಬಿದ್ದು 5 ತಾಸು ಬರುತ್ತದೆ, ಶೇ 80 ತುಂಬಿದ್ದು 4 ತಾಸು. ಊರೊಳಗಿನ ದಿಢೀರ್ ಕಡಿತಕ್ಕೆ 4 ತಾಸು ಸಾಕಷ್ಟಾಯಿತು. ಇನ್ನು ಸದಾ ತುಂಬಿಟ್ಟು, ಕಾವಿನಲ್ಲಿ ಬೇಯಿಸಿ, ಶೇ 65ಕ್ಕೆ ಕುಗ್ಗಿದ ಬ್ಯಾಟರಿಯಲ್ಲಿ ಉಳಿಯುವುದು ಸುಮಾರು 32 ವ್ಯಾಟ್-ಅವರ್. ಅದನ್ನು ನೂರಕ್ಕೆ ನೂರು ತುಂಬಿಸಿದರೂ ಬರುವುದು ಮೂರು ತಾಸು ಚಿಲ್ಲರೆ. ಕರೆಂಟ್ ಹೋದೀತೆಂದು ತುಂಬಿಟ್ಟವರ ಕೈಯಲ್ಲೇ ಕೊನೆಗೆ ಕರೆಂಟ್ ಕಡಿಮೆ ಉಳಿಯುತ್ತದೆ.

ವಿಡಿಯೊ ಎಡಿಟ್ ಮಾಡುವವರ ಲೆಕ್ಕ ಬೇರೆ. ಅವರ ಯಂತ್ರ ಇದರ ಹಲವು ಪಟ್ಟು ಎಳೆಯುತ್ತದೆ, ಬ್ಯಾಟರಿ ತುಂಬಿದ್ದರೂ ತಾಸಿನ ಮಾತು. ಅಂಥ ಅಂಗಡಿಗೆ ಇನ್ವರ್ಟರೇ ಸರಿಯಾದ ಮದ್ದು. ಸದಾ ತುಂಬಿರುವ ಕೆಲಸವನ್ನು ಸೀಸದ ಬ್ಯಾಟರಿಗೆ ವಹಿಸಿದರೆ ಲಿಥಿಯಂ ಬ್ಯಾಟರಿಗೆ ಬಿಡುವು ಸಿಗುತ್ತದೆ.

ಹಳ್ಳಿಗಳಲ್ಲಿ ನಿರಂತರ ಜ್ಯೋತಿ ಯೋಜನೆಯಡಿ ಮನೆಗಳ ಲೈನನ್ನು ಪಂಪ್‌ಸೆಟ್ ಲೈನಿನಿಂದ ಬೇರ್ಪಡಿಸಿದ ಮೇಲೆ ಊರೊಳಗಿನ ಮನೆಗಳ ಪರಿಸ್ಥಿತಿ ಸುಧಾರಿಸಿದೆ. ಆದರೆ ಮುಂಡರಗಿ, ಶಿರಹಟ್ಟಿ ಕಡೆ ಹೊಲದಲ್ಲೇ ಮನೆ ಮಾಡಿಕೊಂಡವರು ಬಹಳ. ಅವರಲ್ಲಿ ಹಲವರಿಗೆ ಪಂಪ್‌ಸೆಟ್ಟಿನ ಲೈನೇ ಗತಿ. ತ್ರೀ ಫೇಸ್ ಬರುವುದು ದಿನಕ್ಕೆ 7 ತಾಸು, ಅದೂ ಕೆಲವೊಮ್ಮೆ ನಡುರಾತ್ರಿ. ಹಿಂದೆ ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ತಿರುಗುತ್ತಿರುತ್ತವೆ, ಮುಂದೆ ಓದುವ ಹುಡುಗಿ ಸಿಂಗಲ್ ಫೇಸಿಗಾಗಿ ಕಾಯುತ್ತಿರುತ್ತಾಳೆ. ಅಂಥ ಮನೆಯಲ್ಲಿ ಲ್ಯಾಪ್‌ಟಾಪನ್ನು ನೂರಕ್ಕೆ ನೂರು ತುಂಬಿಸಿಕೊಳ್ಳುವುದೇ ಸರಿ. ತುಂಬಿಸಿದ್ದನ್ನು ಕೂಡಲೇ ಬಳಸಿ ಇಳಿಸುವುದರಿಂದ ಬ್ಯಾಟರಿ ತುಂಬಿ ಕೂರುವ ಹೊತ್ತು ಕಡಿಮೆ. ಕೆಡುವುದು ತುಂಬಿಸಿದ್ದಕ್ಕಲ್ಲ, ತುಂಬಿಸಿ ದಿನಗಟ್ಟಲೆ ಹಾಗೇ ಬಿಟ್ಟದ್ದಕ್ಕೆ.

ವೋಲ್ಟೇಜ್ ಏರಿಳಿತದ ಭಯವೂ ಕೆಲವರಿಗಿದೆ. ಅಡಾಪ್ಟರಿನ ಹಿಂಬದಿಯ ಸಣ್ಣ ಅಕ್ಷರ ಓದಿದರೆ ಅದು 100ರಿಂದ 240 ವೋಲ್ಟಿನವರೆಗೂ ಕೆಲಸ ಮಾಡುವುದೆಂದು ಬರೆದಿರುತ್ತದೆ. ಫ್ಯಾನು ಕುಂಟುವಷ್ಟು ಲೋ ವೋಲ್ಟೇಜ್ ಇದ್ದರೂ ಲ್ಯಾಪ್‌ಟಾಪಿಗೆ ಚಿಂತೆಯಿಲ್ಲ. ನಿಜವಾದ ಅಪಾಯ ಸಿಡಿಲಿನದು. ಬೇಸಿಗೆಯ ಅಡ್ಡಮಳೆ ಗುಡುಗುತ್ತಾ ಬಂದಾಗ ಪಿನ್ನು ಕಿತ್ತಿಡುವುದರಲ್ಲಿ ಎರಡು ಮಾತಿಲ್ಲ. ಸ್ವಿಚ್ ಆಫ್ ಮಾಡಿದರೆ ಸಾಲದು, ಪಿನ್ನೇ ಹೊರಗೆ ಬರಬೇಕು.

ಮಿತಿ ಹಾಕುವ ಸೆಟ್ಟಿಂಗು

ಶೇ 80 ಆಯಿತೇ ಎಂದು ಕಾದು ಕೂತು ಪ್ಲಗ್ ಕೀಳುವ ಕೆಲಸ ಮನುಷ್ಯರಿಗೆ ಹೇಳಿದ್ದಲ್ಲ. ಲ್ಯಾಪ್‌ಟಾಪೇ ಅದನ್ನು ಮಾಡಿಕೊಳ್ಳುತ್ತದೆ, ಹೇಳಿಕೊಡಬೇಕಷ್ಟೇ. ಲೆನೊವೊದಲ್ಲಿ ವ್ಯಾಂಟೇಜ್ ಎಂಬ ಆ್ಯಪ್ ತೆರೆದು ಕನ್ಸರ್ವೇಶನ್ ಮೋಡ್ ಆನ್ ಮಾಡಬೇಕು. ಏಸಸ್‌ನಲ್ಲಿ ಮೈಏಸಸ್ ಆ್ಯಪ್‌ನೊಳಗೆ ಬ್ಯಾಟರಿ ಕೇರ್ ಇದೆ. ಏಸರ್‌ನ ಕೇರ್ ಸೆಂಟರಿನಲ್ಲಿ ಶೇ 80ರ ಮಿತಿ ಸಿಗುತ್ತದೆ. ಡೆಲ್‌ನ ಬಯಾಸ್‌ನಲ್ಲಿ 'ಪ್ರೈಮರಿಲಿ ಎಸಿ ಯೂಸ್' ಎಂಬ ಆಯ್ಕೆಯೇ ಇದೆ, ಸದಾ ಹಚ್ಚಿಟ್ಟು ಬಳಸುವವರಿಗೆಂದೇ. ಎಚ್‌ಪಿಯ ಹಲವು ಮಾದರಿಗಳ ಬಯಾಸ್‌ನಲ್ಲೂ ಬ್ಯಾಟರಿ ಆರೋಗ್ಯದ ಆಯ್ಕೆ ಉಂಟು. ಆ್ಯಪಲ್ 2020ರಿಂದ ಮ್ಯಾಕ್‌ಬುಕ್‌ಗಳಲ್ಲಿ ಇದನ್ನು ತಾನಾಗಿಯೇ ನೋಡಿಕೊಳ್ಳುವ ವ್ಯವಸ್ಥೆ ಕೊಟ್ಟಿದೆ. ಮಾದರಿ ಹಳೆಯದಾಗಿದ್ದರೆ ಹೆಸರು ಬೇರೆ ಇರಬಹುದು, ಕೆಲವದರಲ್ಲಿ ಇರದೆಯೂ ಇರಬಹುದು.

ಒಮ್ಮೆ ಮಿತಿ ಹಾಕಿದರೆ ಚಾರ್ಜರನ್ನು ಹಗಲಿಡೀ ಹಚ್ಚಿಟ್ಟರೂ ಬಾಧಕವಿಲ್ಲ. ಬ್ಯಾಟರಿ 80ರಲ್ಲಿ ನಿಂತಿರುತ್ತದೆ, ಯಂತ್ರ ಲೈನಿನಿಂದ ನಡೆಯುತ್ತಿರುತ್ತದೆ.

ಈಗಾಗಲೇ ಎಷ್ಟು ಸವೆದಿದೆ ಎಂದು ತಿಳಿಯಲು ವಿಂಡೋಸ್‌ನಲ್ಲಿ ಉಚಿತ ಉಪಾಯವಿದೆ. ಕಮಾಂಡ್ ಪ್ರಾಂಪ್ಟ್ ತೆರೆದು ಬ್ಯಾಟರಿ ರಿಪೋರ್ಟ್ ತೆಗೆಸಿದರೆ ಎರಡು ಅಂಕಿಗಳು ಸಿಗುತ್ತವೆ: ಡಿಸೈನ್ ಕೆಪಾಸಿಟಿ ಮತ್ತು ಫುಲ್ ಚಾರ್ಜ್ ಕೆಪಾಸಿಟಿ. ಮೊದಲನೆಯದು ಫ್ಯಾಕ್ಟರಿಯಿಂದ ಬಂದಾಗ ಇದ್ದದ್ದು, ಎರಡನೆಯದು ಇವತ್ತು ಉಳಿದದ್ದು. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಳ್ಳುವ ವಿದ್ಯಾರ್ಥಿಗಳು ದುಡ್ಡು ಎಣಿಸುವ ಮೊದಲು ಈ ಎರಡು ಅಂಕಿ ನೋಡುವುದು ಒಳ್ಳೆಯದು. ನಡುವಿನ ಅಂತರವೇ ಚೌಕಾಶಿಗೆ ಆಧಾರ.

ರಜೆಗೆ ಬೀಗ ಹಾಕುವ ಮುನ್ನ

ತುಂಬಿ ಕೂರುವುದು ಒಂದು ತುದಿಯಾದರೆ ಖಾಲಿ ಕೂರುವುದು ಇನ್ನೊಂದು. ಶಾಲೆ, ಕಾಲೇಜುಗಳ ಲ್ಯಾಪ್‌ಟಾಪ್‌ಗಳ ಪಾಡು ಇದು. ಪರೀಕ್ಷೆ ಮುಗಿದ ಮೇಲೆ ಅವು ಬೀರು ಸೇರುತ್ತವೆ. ಕೋಣೆಗೆ ಬೀಗ, ಕಿಟಕಿ ಬಂದ್, ಮೇಲೆ ಏಪ್ರಿಲ್‌ನ ಬಿಸಿಲು. ಶೇ 5 ಚಾರ್ಜಿನೊಂದಿಗೆ ಒಳಗೆ ಹೋದದ್ದು ಜೂನ್‌ನಲ್ಲಿ ಹೊರಬಂದಾಗ ಚಾರ್ಜರ್ ಹಚ್ಚಿದರೂ ಮಿಸುಕದಿರಬಹುದು. ಸೆಲ್‌ನ ವೋಲ್ಟೇಜ್ ಅತಿಯಾಗಿ ಇಳಿದರೆ ಒಳಗಿನ ರಕ್ಷಣಾ ಸರ್ಕ್ಯೂಟು ಅದನ್ನು ಚಾರ್ಜ್ ಮಾಡಲು ಒಪ್ಪುವುದೇ ಇಲ್ಲ, ಒಪ್ಪಬಾರದು ಕೂಡ.

ರಜೆಗೆ ಮುನ್ನ ಶೇ 50ರ ಆಸುಪಾಸು ಚಾರ್ಜ್ ಮಾಡಿ, ಪೂರ್ತಿ ಶಟ್‌ಡೌನ್ ಮಾಡಿ, ಇದ್ದುದರಲ್ಲಿ ತಂಪಾದ ಕೋಣೆಯಲ್ಲಿಟ್ಟರೆ ಸಾಕು. ನಡುವೆ ಒಮ್ಮೆ ತೆಗೆದು ನೋಡಿದರೆ ಇನ್ನೂ ವಾಸಿ. ಗದಗದ ನಾಗಾವಿ ಬಳಿಯ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯದಿಂದ ಹಿಡಿದು ಹಳ್ಳಿಯ ಪ್ರಾಥಮಿಕ ಶಾಲೆಯವರೆಗೆ ಇದಕ್ಕೆ ಬೇಕಾದದ್ದು ಅನುದಾನವಲ್ಲ, ಬೀಗ ಹಾಕುವವರಿಗೆ ಒಂದು ಮಾತು.

ಉಬ್ಬಿದ್ದನ್ನು ಏನು ಮಾಡುವುದು?

ಬ್ಯಾಟರಿ ಉಬ್ಬಿದ್ದು ಗೊತ್ತಾದ ಮೇಲೆ ಅದನ್ನು ಬಳಸಕೂಡದು. ಚಾರ್ಜರ್ ತೆಗೆಯಿರಿ, ಯಂತ್ರ ಆಫ್ ಮಾಡಿ, ರಿಪೇರಿಯವರ ಬಳಿ ಒಯ್ಯಿರಿ. ಮುಚ್ಚಳವನ್ನು ಬಲವಂತವಾಗಿ ಒತ್ತಿ ಮುಚ್ಚುವುದು, ಸೂಜಿ ಚುಚ್ಚಿ ಗಾಳಿ ತೆಗೆಯಲು ಹೋಗುವುದು ಬೆಂಕಿಯ ಜೊತೆ ಸರಸ. 2006ರಲ್ಲಿ ಡೆಲ್ ಕಂಪನಿ ಸೋನಿ ತಯಾರಿಸಿದ್ದ 41 ಲಕ್ಷ ಬ್ಯಾಟರಿಗಳನ್ನು ವಾಪಸ್ ಕರೆಸಿಕೊಂಡದ್ದು ಬೆಂಕಿಯ ಭಯದಿಂದಲೇ. ಅಷ್ಟು ದೊಡ್ಡ ಕಂಪನಿಗಳೇ ಹುಷಾರಾಗಿರುವ ಕಡೆ ನಮಗೆ ಧೈರ್ಯ ಬೇಡ.

ಹೊಸದನ್ನು ಹಾಕಿಸುವಾಗ ಅರ್ಧ ಬೆಲೆಗೆ ಸಿಗುವ ಹೆಸರಿಲ್ಲದ ಬ್ಯಾಟರಿಯ ಆಸೆ ಬರುವುದು ಸಹಜ. ಭಾರತದಲ್ಲಿ ಇಂಥ ಬ್ಯಾಟರಿಗಳಿಗೆ ಐಎಸ್ 16046 ಮಾನದಂಡ ಕಡ್ಡಾಯ. ಬಿಐಎಸ್ ಗುರುತು ಮತ್ತು ಅದರ ಜೊತೆಗಿನ ನೋಂದಣಿ ಸಂಖ್ಯೆ ಮೈಮೇಲೆ ಇದೆಯೇ ಎಂದು ನೋಡಿ, ಬಿಲ್ಲು ಕೇಳಿ ಪಡೆಯಿರಿ.

ಹಳೆಯದರ ಗತಿ ಏನು? ಸೀಸದ ಬ್ಯಾಟರಿ ಎಂದೂ ಬೀದಿ ಪಾಲಾಗುವುದಿಲ್ಲ. ಅದರ ಸೀಸಕ್ಕೆ ಬೆಲೆಯಿದೆ, ಅಂಗಡಿಯವರು ತೂಕ ಹಾಕಿ ಹೊಸದರ ಬೆಲೆಯಲ್ಲಿ ಕಳೆಯುತ್ತಾರೆ. ಲಿಥಿಯಂ ಬ್ಯಾಟರಿಯನ್ನು ಊರಿನ ಗುಜರಿಯವರು ಕಣ್ಣೆತ್ತಿ ನೋಡುವುದಿಲ್ಲ. ಅದು ಮೇಜಿನ ಡ್ರಾಯರಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದು ಕೊನೆಗೆ ಕಸದ ಗಾಡಿ ಸೇರುತ್ತದೆ, ಅಲ್ಲಿ ಜಜ್ಜಿಹೋಗಿ ಹೊತ್ತಿಕೊಳ್ಳಬಹುದು. 2022ರಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಯನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಕಂಪನಿಯ ಸರ್ವಿಸ್ ಸೆಂಟರಿಗೆ ಒಪ್ಪಿಸುವುದು ಸದ್ಯಕ್ಕೆ ಇರುವ ನೇರ ದಾರಿ. ಮಂಡ್ಯ ಜಿಲ್ಲೆಯ ಮರ್ಲಗಲ್ಲದ ಸುತ್ತ ಸಿಕ್ಕ 1,600 ಟನ್ ಲಿಥಿಯಂ ದೇಶಕ್ಕೆಲ್ಲ ಸುದ್ದಿಯಾಗಿತ್ತು. ಅದೇ ಲೋಹ ನಮ್ಮ ಡ್ರಾಯರುಗಳಲ್ಲಿ ಯಾರಿಗೂ ಬೇಡವಾಗಿ ಬಿದ್ದಿದೆ.

ಒಟ್ಟು ಪಾಠ ಚಿಕ್ಕದು. ಇನ್ವರ್ಟರಿನ ಬ್ಯಾಟರಿಯನ್ನು ಸದಾ ತುಂಬಿಡಿ, ಲ್ಯಾಪ್‌ಟಾಪಿನದನ್ನು ಶೇ 80ಕ್ಕೆ ನಿಲ್ಲಿಸಿ. ಎರಡನ್ನೂ ಬಿಸಿಲಿನಿಂದ ದೂರವಿಡಿ. ನಾಳೆ ದುರಸ್ತಿಗಾಗಿ ವಿದ್ಯುತ್ ಇರುವುದಿಲ್ಲ ಎಂಬ ಹೆಸ್ಕಾಂ ಪ್ರಕಟಣೆ ಪತ್ರಿಕೆಯಲ್ಲಿ ಕಂಡ ದಿನ ಮಾತ್ರ ರಾತ್ರಿ ಮಿತಿ ತೆಗೆದು ನೂರಕ್ಕೆ ಏರಿಸಿ, ಕರೆಂಟ್ ಬಂದ ಮೇಲೆ ಮತ್ತೆ ಹಾಕಿ. ಕೆಲವು ಸಾವಿರ ರೂಪಾಯಿಯ ಬ್ಯಾಟರಿಯನ್ನು ಎರಡು ವರ್ಷಕ್ಕೊಮ್ಮೆ ಕೊಳ್ಳುವುದೋ ನಾಲ್ಕು ವರ್ಷಕ್ಕೊಮ್ಮೆ ಕೊಳ್ಳುವುದೋ ಎಂಬುದು ಆ ಒಂದು ಸೆಟ್ಟಿಂಗಿನ ಮೇಲೆ ನಿಲ್ಲಬಹುದು. ಪಿನ್ನು ಬೇಕಾದರೆ ಬೋರ್ಡಿನಲ್ಲೇ ಇರಲಿ.